‘ಗುಂಡು ಹಾರಿತು’ ಮತ್ತು ‘ಗುಂಡು ಹಾರಿಸಿದರು’: ಒಂದು ಜಂಟಿ ಹೇಳಿಕೆಯ ಪ್ರಕರಣ ಅಧ್ಯಯನ

ಇದು ಸಮುದ್ರ ಗಡಿಯ ತಕರಾರು ಇರುವ ಎರಡು ನೆರೆ ದೇಶಗಳ ನಡುವೆ ನಡೆದದ್ದು. ದೇಶಗಳ ಹೆಸರಾಗಲಿ ವರ್ಷವಾಗಲಿ ಇಲ್ಲಿ ಬರುವುದಿಲ್ಲ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಓದೋಕೆ ಸುಲಭ ಆಗಲಿ ಅಂತ ಒಂದನ್ನು ಉತ್ತರದ ದೇಶ, ಇನ್ನೊಂದನ್ನು ದಕ್ಷಿಣದ ದೇಶ ಅಂತ ಕರೆಯುತ್ತೇನೆ. ದಕ್ಷಿಣದ ಕಡೆಯ ಕರಡು ತಂಡದಲ್ಲಿ ನಾನಿದ್ದೆ. ಕರಡು ತಂಡ ಅಂದರೆ ಮಂತ್ರಿಗಳು ಕೈಕುಲುಕುವ ಮೊದಲು ಹೇಳಿಕೆಯ ಒಂದೊಂದು ಪದಕ್ಕೂ ಕೂತು ಜಗಳವಾಡುವ ನಾಲ್ಕಾರು ಜನ.

ಸರ್ಕಾರಗಳು ಮಾತನ್ನು ಹೇಗೆ ಲೆಕ್ಕ ಹಾಕಿ ಬಳಸುತ್ತವೆ ಅನ್ನುವುದು ಈ ಒಂದು ಪ್ರಕರಣದಲ್ಲಿ ತುಂಬಾ ಚೆನ್ನಾಗಿ ಕಾಣುತ್ತದೆ. ಎಲ್ಲಿ ಅದು ಜನರನ್ನು ಉಳಿಸಿತು, ಎಲ್ಲಿ ಕೈಕೊಟ್ಟಿತು, ಎರಡೂ ಇದರಲ್ಲೇ ಇದೆ.

ಹಿನ್ನೆಲೆ

ರಾತ್ರಿ ಹೊತ್ತು, ಎರಡೂ ದೇಶ ‘ನಮ್ಮದು’ ಅನ್ನುವ ನೀರಿನಲ್ಲಿ, ಉತ್ತರದ ಗಸ್ತು ಹಡಗೊಂದು ದಕ್ಷಿಣದ ಮೀನುಗಾರಿಕಾ ದೋಣಿಯನ್ನು ಅಡ್ಡಗಟ್ಟಿತು. ದೋಣಿ ನಿಲ್ಲಲಿಲ್ಲ. ನಿಲ್ಲಿಸಲು ಹೇಳಿದ್ದು ದೋಣಿಯವರಿಗೆ ಕೇಳಿಸಿತೋ ಇಲ್ಲವೋ, ಅದು ಕೊನೆವರೆಗೂ ತೀರ್ಮಾನವಾಗಲಿಲ್ಲ. ಗುಂಡು ಹಾರಿತು. ಇಬ್ಬರು ಮೀನುಗಾರರು ಸತ್ತರು. ಉಳಿದವರನ್ನು, ದೋಣಿಯನ್ನು, ಎರಡು ಹೆಣಗಳನ್ನು ಉತ್ತರದವರು ತಮ್ಮ ಬಂದರಿಗೆ ಎಳೆದುಕೊಂಡು ಹೋದರು.

ಈಗ ನಾನೇ ಬರೆದ ‘ಗುಂಡು ಹಾರಿತು’ ಅನ್ನುವ ವಾಕ್ಯ ನೋಡಿ. ಅದರಲ್ಲಿ ಹಾರಿಸಿದವರು ಯಾರೂ ಇಲ್ಲ. ‘ಹಾರಿಸಿದರು’ ಅಂದ ಕೂಡಲೇ ಒಬ್ಬ ಮನುಷ್ಯ ಬರುತ್ತಾನೆ, ಅವನಿಗೆ ಅಪ್ಪಣೆ ಕೊಟ್ಟ ಮೇಲಧಿಕಾರಿ ಬರುತ್ತಾನೆ, ಅವನ ಹಿಂದೆ ಒಂದು ಸರ್ಕಾರ ಬರುತ್ತದೆ. ಮುಂದಿನ ವಾರಗಳ ಜಗಳವೆಲ್ಲ ಹೆಚ್ಚುಕಡಿಮೆ ಈ ಎರಡು ಕ್ರಿಯಾಪದಗಳ ನಡುವಿನ ಜಾಗದಲ್ಲೇ ನಡೆಯಿತು.

ಮೊದಲು ಯಾರು ಏನಂದರು

ಬೆಳಗಾಗುವಷ್ಟರಲ್ಲಿ ಎರಡೂ ಕಡೆ ಮಾತು ಶುರುವಾಗಿತ್ತು. ಉತ್ತರದ ನೌಕಾಪಡೆಯ ವಕ್ತಾರರು ‘ಎಚ್ಚರಿಕೆಯ ಗುಂಡು’ ಅಂದರು. ದಕ್ಷಿಣದ ಮೀನುಗಾರಿಕೆ ಮಂತ್ರಿ ಬಂದರಿನಲ್ಲೇ ನಿಂತು ‘ಇದು ಕೊಲೆ’ ಅಂದರು. ಅಲ್ಲಿ ಅಳುತ್ತಿದ್ದ ಮನೆಯವರ ಮುಂದೆ ಬೇರೆ ಏನಾದರೂ ಹೇಳುವುದು ಕಷ್ಟವೇ, ಅದು ನನಗೆ ಅರ್ಥವಾಗುತ್ತದೆ. ಆದರೆ ಕೊಲೆ ಅಂದಮೇಲೆ ಕೊಲೆಗಾರ ಬೇಕು, ಶಿಕ್ಷೆ ಬೇಕು. ನಾಳೆ ಎದುರಿನವರು ‘ವಿಷಾದವಿದೆ’ ಅಂತ ಬಂದರೆ ಅದನ್ನು ತೆಗೆದುಕೊಳ್ಳಲು ನಿಮಗೆ ಬಾಯಿ ಇರುವುದಿಲ್ಲ.

ಇಲ್ಲಿ ಮೊದಲ ಒಳ್ಳೆಯ ತೀರ್ಮಾನ ಆಯಿತು. ನಮ್ಮ ವಿದೇಶಾಂಗ ಸಚಿವಾಲಯ ಆ ದಿನವೆಲ್ಲ ಒಂದೇ ಪದ ಹಿಡಿದುಕೊಂಡಿತು: ‘ಗಂಭೀರ ಘಟನೆ’. ಮಂತ್ರಿಯ ಮಾತನ್ನು ತಳ್ಳಿಹಾಕಲಿಲ್ಲ, ಒಪ್ಪಲೂ ಇಲ್ಲ. ಪತ್ರಕರ್ತರು ಎಷ್ಟು ಕೇಳಿದರೂ ವಕ್ತಾರರು ಜಗ್ಗಲಿಲ್ಲ. ಟೀವಿಯಲ್ಲಿ ‘ಹೇಡಿ ಸಚಿವಾಲಯ’ ಅಂತ ಬೈದರು. ಆದರೆ ದೇಶದ ಅಧಿಕೃತ ಮಾತು ಅಂತ ಎದುರಿನವರು ಓದುವುದು ಮುಖ್ಯವಾಗಿ ವಿದೇಶಾಂಗದ ಮಾತನ್ನು. ಅಲ್ಲಿ ‘ಘಟನೆ’ ಅಂತ ಉಳಿದದ್ದರಿಂದ ಬಾಗಿಲು ಮುಚ್ಚಲಿಲ್ಲ. ಒಂದೇ ಸರ್ಕಾರ ಎರಡು ಬಾಯಲ್ಲಿ ಮಾತಾಡುವುದು ಯಾವಾಗಲೂ ಗೊಂದಲದಿಂದಲೇ ಅಂತ ಅಂದುಕೊಳ್ಳಬೇಡಿ. ಸಿಟ್ಟನ್ನು ಒಬ್ಬರು ಹೇಳಲಿ, ದಾರಿಯನ್ನು ಇನ್ನೊಬ್ಬರು ತೆರೆದಿಡಲಿ ಅನ್ನುವ ಹಂಚಿಕೆಯೂ ಇರುತ್ತದೆ.

ಅದೇ ಸಂಜೆ ನೋಟ್ ವರ್ಬಾಲ್ ಹೋಯಿತು. ಇದು ರಾಯಭಾರ ಕಚೇರಿಗಳು ಬರೆದುಕೊಳ್ಳುವ, ಸಹಿ ಇಲ್ಲದ, ಮೂರನೇ ವ್ಯಕ್ತಿಯ ಧಾಟಿಯ ಪತ್ರ. ‘ನಮಸ್ಕಾರಗಳನ್ನು ತಿಳಿಸುತ್ತಾ’ ಅಂತ ಶುರುವಾಗಿ ‘ಅತ್ಯುನ್ನತ ಗೌರವದ ಭರವಸೆ’ ಕೊಟ್ಟು ಮುಗಿಯುತ್ತದೆ, ಒಳಗೆ ಎಷ್ಟೇ ಬೆಂಕಿ ಇರಲಿ. ನಮ್ಮ ಪತ್ರ ಮೂರು ವಿಷಯ ಕೇಳಿತು: ಕ್ಷಮೆ, ತಪ್ಪಿತಸ್ಥರಿಗೆ ಶಿಕ್ಷೆ, ಸತ್ತವರ ಮನೆಯವರಿಗೆ ಪರಿಹಾರ. ಇದರ ಜೊತೆ, ಬೇರೆ ಪ್ಯಾರಾದಲ್ಲಿ, ಹೆಣಗಳನ್ನೂ ಉಳಿದ ಮೀನುಗಾರರನ್ನೂ ಕೂಡಲೇ ಕಳಿಸಿಕೊಡಬೇಕು ಅಂತ ಬರೆದೆವು.

ಬೇರೆ ಪ್ಯಾರಾ ಮಾಡಿದ್ದು ಬೇಕಂತಲೇ. ಮೂರು ಬೇಡಿಕೆಗಳ ಜೊತೆ ಸೇರಿಸಿದ್ದರೆ ಅದೂ ಒಂದು ಚೌಕಾಸಿಯ ವಸ್ತು ಆಗಿಬಿಡುತ್ತಿತ್ತು. ಹೆಣಗಳು ವಾರದೊಳಗೆ ಬಂದವು. ಮನುಷ್ಯರು ಬರಲಿಲ್ಲ. ಅವರನ್ನು ಉತ್ತರದವರು ‘ಅಕ್ರಮ ಪ್ರವೇಶ’ದ ಮೊಕದ್ದಮೆಯಲ್ಲಿ ಹಿಡಿದಿಟ್ಟಿದ್ದರು.

ಸಮಸ್ಯೆ ನಿಜವಾಗಿ ಏನು

ಕ್ಷಮೆ ಕೇಳಿಸಿಕೊಳ್ಳೋದೇ ಸಮಸ್ಯೆ ಅಂತ ಹೊರಗಿನಿಂದ ಅನಿಸುತ್ತಿತ್ತು. ಒಳಗೆ ಕೂತವರಿಗೆ ಬೇರೆಯದೇ ಕಾಣುತ್ತಿತ್ತು. ಉತ್ತರದವರು ‘ನಮ್ಮ ತಪ್ಪು’ ಅಂದರೆ, ಆ ನೀರಿನಲ್ಲಿ ದೋಣಿಯನ್ನು ನಿಲ್ಲಿಸುವ ಹಕ್ಕು ತಮಗಿರಲಿಲ್ಲ ಅಂತ ಒಪ್ಪಿದ ಹಾಗೆ ಆಗುತ್ತಿತ್ತು. ಅಂದರೆ ಗಡಿಯ ವಾದವನ್ನೇ ಬಿಟ್ಟುಕೊಟ್ಟ ಹಾಗೆ. ನಾವು ‘ದೋಣಿ ಅಲ್ಲಿಗೆ ಹೋಗಬಾರದಿತ್ತು’ ಅಂದರೂ ಅದೇ ಕಥೆ, ತಿರುಗಿಸಿ. ಇಬ್ಬರು ಸತ್ತದ್ದಕ್ಕೆ ಒಂದು ಮಾತು ಹೇಳಬೇಕಾದರೆ ದಶಕಗಳ ಗಡಿ ತಕರಾರನ್ನು ಮುಟ್ಟದೆ ಹೇಳಬೇಕಿತ್ತು.

ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗ 2001ರಲ್ಲಿ ದೇಶಗಳ ಹೊಣೆಗಾರಿಕೆಯ ಬಗ್ಗೆ ಕೆಲವು ವಿಧಿಗಳನ್ನು ಬರೆದಿದೆ. ಅದರ 37ನೇ ವಿಧಿ, ಒಂದು ದೇಶ ಇನ್ನೊಂದಕ್ಕೆ ಸಮಾಧಾನ ಕೊಡುವ ಬಗೆಗಳನ್ನು ಹೇಳುವಾಗ, ತಪ್ಪನ್ನು ಒಪ್ಪಿಕೊಳ್ಳುವುದು, ವಿಷಾದ ಹೇಳುವುದು, ಔಪಚಾರಿಕವಾಗಿ ಕ್ಷಮೆ ಕೇಳುವುದು ಅಂತ ಬೇರೆ ಬೇರೆಯಾಗಿ ಎಣಿಸುತ್ತದೆ. ಮನೆಯಲ್ಲಿ ಇವೆಲ್ಲ ಒಂದೇ. ದೇಶಗಳಿಗೆ ಒಂದೊಂದರ ತೂಕವೂ ಬೇರೆ.

ಉತ್ತರದವರ ಮೊದಲ ಕರಡು ಬಂತು. ‘ಈ ಘಟನೆಯಿಂದ ಯಾರಿಗಾದರೂ ನೋವಾಗಿದ್ದರೆ ವಿಷಾದವಿದೆ.’ ನಮ್ಮ ತಂಡದ ಹಿರಿಯರೊಬ್ಬರು ಕಾಗದವನ್ನು ಮೇಜಿನ ಮೇಲೆ ಇಟ್ಟು, ಎದುರು ಕೂತವರ ಮುಖ ನೋಡಿ ಕೇಳಿದರು: “ಆಗಿದ್ದರೆ? ಹೆಣಗಳನ್ನು ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದವರು ನೀವೇ ಅಲ್ವಾ?” ಎದುರಿನವರು ಏನೂ ಹೇಳಲಿಲ್ಲ. ಅವರ ತಂಡದ ಒಬ್ಬ ಕಿರಿಯ ಅಧಿಕಾರಿ ಪೆನ್ನು ತೆಗೆದು ‘ಯಾರಿಗಾದರೂ’ ಮತ್ತು ‘ಆಗಿದ್ದರೆ’ ಎರಡಕ್ಕೂ ಚದರ ಬ್ರಾಕೆಟ್ ಹಾಕಿದ. ಕರಡಿನಲ್ಲಿ ಚದರ ಬ್ರಾಕೆಟ್ ಅಂದರೆ ‘ಇದಿನ್ನೂ ಒಪ್ಪಿಗೆಯಾಗಿಲ್ಲ’ ಅಂತ. ಅಂದರೆ ಆ ಪದಗಳನ್ನು ಬಿಡಲು ಅವರು ತಯಾರಿದ್ದರು. ಆ ಬ್ರಾಕೆಟ್ ನೋಡಿದ ಮೇಲೆ ನನಗೆ ಮೊದಲ ಸಲ ಇದು ಆಗಬಹುದು ಅನಿಸಿತು.

ಏನೇನು ಪ್ರಯತ್ನಿಸಿದೆವು

ಒಂದು ಮೂರನೇ ದೇಶ ಕೂರಲು ಜಾಗ ಕೊಟ್ಟಿತು. ಅವರು ಮಧ್ಯಸ್ಥಿಕೆ ಅನ್ನುವ ಪದವನ್ನು ಎಲ್ಲೂ ಬಳಸಲಿಲ್ಲ, ಯಾಕೆಂದರೆ ಉತ್ತರದವರು ‘ಇದು ನಮ್ಮಿಬ್ಬರ ವಿಷಯ’ ಅಂತ ಮೊದಲೇ ಹೇಳಿದ್ದರು. ‘ಸ್ನೇಹಪೂರ್ವಕ ಸೌಲಭ್ಯ’ ಅಂತ ಏನೋ ಅಂದರು. ಕೊಠಡಿ ಅದೇ, ಚಹಾ ಅದೇ, ಕೆಲಸವೂ ಅದೇ. ಹೆಸರು ಮಾತ್ರ ಬೇರೆ, ಮತ್ತು ಆ ಹೆಸರು ಬೇರೆ ಇದ್ದದ್ದರಿಂದಲೇ ಉತ್ತರದವರು ಬಂದು ಕೂತರು.

ನಾವು ಹಳೆಯ ಪ್ರಕರಣಗಳನ್ನು ಹರಡಿಕೊಂಡು ಕೂತೆವು. 1968ರಲ್ಲಿ ಉತ್ತರ ಕೊರಿಯಾ ಅಮೆರಿಕದ ಪ್ಯೂಬ್ಲೋ ಅನ್ನುವ ಹಡಗನ್ನು ಹಿಡಿದಿತ್ತು. ಹನ್ನೊಂದು ತಿಂಗಳ ಮಾತುಕತೆಯ ನಂತರ ಅಮೆರಿಕದ ಜನರಲ್ ಒಬ್ಬರು ಕ್ಷಮೆಯ ಕಾಗದಕ್ಕೆ ಸಹಿ ಹಾಕಿದರು. ಆದರೆ ಸಹಿ ಹಾಕುವ ಮೊದಲೇ, ಎದುರಿನವರ ಒಪ್ಪಿಗೆಯಿಂದಲೇ, ‘ಇದರಲ್ಲಿ ಬರೆದದ್ದು ನಿಜವಲ್ಲ, ನಮ್ಮವರನ್ನು ಬಿಡಿಸಿಕೊಳ್ಳಲು ಮಾತ್ರ ಸಹಿ ಹಾಕುತ್ತಿದ್ದೇನೆ’ ಅಂತ ಬಾಯಲ್ಲಿ ಹೇಳಿದರು. ಬದುಕಿದ್ದ 82 ಜನ ಡಿಸೆಂಬರ್ 23ಕ್ಕೆ ಹೊರಗೆ ಬಂದರು. ಕಾಗದ ಒಬ್ಬರಿಗೆ, ಮಾತು ಇನ್ನೊಬ್ಬರಿಗೆ. ನಮ್ಮಲ್ಲಿ ಒಬ್ಬರು ಈ ದಾರಿ ಹಿಡಿಯೋಣ ಅಂದರು. ನಾನು ಬೇಡ ಅಂದೆ. ಆಗ ಆ ಎರಡು ದೇಶಗಳು ನಾಳೆ ಬೆಳಗ್ಗೆ ಒಟ್ಟಿಗೆ ಕೆಲಸ ಮಾಡಬೇಕಿರಲಿಲ್ಲ. ನಮ್ಮ ಎರಡು ದೇಶಗಳ ದೋಣಿಗಳು ದಿನವೂ ಒಂದೇ ನೀರಿಗೆ ಇಳಿಯುತ್ತವೆ. ಸುಳ್ಳು ಅಂತ ಇಬ್ಬರಿಗೂ ಗೊತ್ತಿರುವ ಕಾಗದ ಅಲ್ಲಿ ಒಂದು ದಿನವೂ ನಿಲ್ಲುವುದಿಲ್ಲ.

ಇನ್ನೊಂದು 2001ರ ಏಪ್ರಿಲ್‌ನದು. ಅಮೆರಿಕದ ಬೇಹುಗಾರಿಕೆ ವಿಮಾನ ಮತ್ತು ಚೀನಾದ ಯುದ್ಧ ವಿಮಾನ ಡಿಕ್ಕಿ ಹೊಡೆದು, ಚೀನಾದ ಪೈಲಟ್ ಸತ್ತು, ಅಮೆರಿಕದ ವಿಮಾನ ಹೈನಾನ್ ದ್ವೀಪದಲ್ಲಿ ಇಳಿಯಿತು. ಅದರಲ್ಲಿದ್ದ 24 ಜನರನ್ನು ಬಿಡಿಸಿದ್ದು ಒಂದು ಪತ್ರ. ಪೈಲಟ್ ಸತ್ತದ್ದಕ್ಕೆ, ಮತ್ತು ಬಾಯಿಮಾತಿನ ಅನುಮತಿ ಇಲ್ಲದೆ ಇಳಿದದ್ದಕ್ಕೆ ‘ತುಂಬಾ ವಿಷಾದ’ ಅಂತ ಅದರಲ್ಲಿತ್ತು. ಡಿಕ್ಕಿ ಯಾರ ತಪ್ಪು ಅನ್ನುವುದಕ್ಕೆ ಒಂದು ಮಾತೂ ಇರಲಿಲ್ಲ. ಚೀನಾ ತನ್ನ ಜನರಿಗೆ ‘ಅವರು ಕ್ಷಮೆ ಕೇಳಿದರು’ ಅಂದಿತು. ಅಮೆರಿಕ ‘ಅದು ಕ್ಷಮೆಯಲ್ಲ’ ಅಂದಿತು. ಇದು ನಮಗೆ ಹತ್ತಿರದ ಮಾದರಿ ಅನಿಸಿತು. ಒಂದು ದೊಡ್ಡ ಪ್ರಶ್ನೆಯನ್ನು ಒಡೆದು, ಹೇಳಬಹುದಾದ ಚೂರುಗಳಿಗೆ ಮಾತ್ರ ವಿಷಾದ ಹೇಳುವುದು.

ಪರಿಹಾರದ ಹಣಕ್ಕೂ ಒಂದು ಮಾದರಿ ಇತ್ತು. 1988ರ ಜುಲೈಯಲ್ಲಿ ಅಮೆರಿಕದ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದುರುಳಿಸಿ 290 ಜನ ಸತ್ತರು. 1996ರಲ್ಲಿ ಆದ ಒಪ್ಪಂದದಲ್ಲಿ ಅಮೆರಿಕ ಸತ್ತವರ ಮನೆಯವರಿಗೆ 6 ಕೋಟಿ 18 ಲಕ್ಷ ಡಾಲರ್ ಕೊಟ್ಟಿತು, ಆದರೆ ಕಾನೂನಿನ ಹೊಣೆ ಒಪ್ಪದೆ, ‘ಸ್ವಇಚ್ಛೆಯಿಂದ’ ಅನ್ನುವ ಲೇಬಲ್ ಹಚ್ಚಿ. ಈ ಲೇಬಲ್ ಸತ್ತವರ ಮನೆಯವರಿಗೆ ಎಷ್ಟು ನೋವು ಕೊಡಬಹುದು ಅಂತ ನನಗೆ ಗೊತ್ತು. ಆದರೂ ಅದಿಲ್ಲದೆ ಹೋಗಿದ್ದರೆ ಆ ಹಣವೂ ಬರುತ್ತಿರಲಿಲ್ಲ ಅನ್ನುವುದು ನನ್ನ ಲೆಕ್ಕ.

ನಾವು ಒಂದು ನಾನ್ ಪೇಪರ್ ಬರೆದೆವು. ತಲೆಬರಹ ಇಲ್ಲ, ದಿನಾಂಕ ಇಲ್ಲ, ಯಾರು ಬರೆದದ್ದು ಅಂತ ಇಲ್ಲ. ನಾಳೆ ಬೇಡ ಅನಿಸಿದರೆ ‘ಅಂಥ ಕಾಗದವೇ ಇರಲಿಲ್ಲ’ ಅನ್ನಬಹುದು. ಅದರಲ್ಲಿ ‘ಕ್ಷಮೆ’ ಅನ್ನುವ ಪದ ಬಿಟ್ಟೆವು, ‘ಶಿಕ್ಷೆ’ಯ ಜಾಗದಲ್ಲಿ ‘ತನಿಖೆ, ಮತ್ತು ಅದರ ಫಲಿತಾಂಶ ತಿಳಿಸುವುದು’ ಅಂತ ಹಾಕಿದೆವು. ಇದಕ್ಕೆ ಬದಲಾಗಿ ಎರಡು ವಿಷಯಕ್ಕೆ ಪಟ್ಟು ಹಿಡಿದೆವು. ಗುಂಡು ಯಾರ ಹಡಗಿನದು ಅಂತ ವಾಕ್ಯದಲ್ಲಿ ಇರಬೇಕು. ಸತ್ತವರು ಮೀನುಗಾರರು ಅಂತ ಇರಬೇಕು. ಉತ್ತರದವರ ಕರಡಿನಲ್ಲಿ ಅವರು ‘ದೋಣಿಯಲ್ಲಿದ್ದ ವ್ಯಕ್ತಿಗಳು’ ಆಗಿದ್ದರು. ವ್ಯಕ್ತಿಗಳು ಅಂದರೆ ಕಳ್ಳಸಾಗಣೆಯವರೂ ಇರಬಹುದು, ಯಾರೂ ಇರಬಹುದು. ಮೀನುಗಾರ ಅಂದರೆ ಹೊಟ್ಟೆಪಾಡಿಗೆ ಕಡಲಿಗೆ ಇಳಿದವನು.

ತಿರುವು

ಮಾತುಕತೆ ಎರಡು ಸಲ ಮುರಿಯಿತು. ಮೂರನೇ ಸಲ ಕೂತಾಗ ಆತಿಥೇಯ ದೇಶದ ಅಧಿಕಾರಿಯೊಬ್ಬರು ಒಂದು ಸರಳ ಕೆಲಸ ಮಾಡಿಸಿದರು. “ನಿಮ್ಮ ಪ್ರಧಾನಿ ಸಂಸತ್ತಿನಲ್ಲಿ ಇದನ್ನು ಗಟ್ಟಿಯಾಗಿ ಓದುತ್ತಿದ್ದಾರೆ ಅಂತ ಅಂದುಕೊಂಡು ಓದಿ” ಅಂದರು. ನಾವು ಓದಬೇಕಾದ್ದು ನಮ್ಮ ಕರಡನ್ನಲ್ಲ, ಉತ್ತರದವರ ಕರಡನ್ನು. ಅವರು ನಮ್ಮದನ್ನು ಓದಬೇಕು.

ಓದುತ್ತಾ ಹೋದ ಹಾಗೆ ಎಲ್ಲಿ ನಾಲಿಗೆ ತಡವರಿಸುತ್ತದೆ ಅಂತ ಎಲ್ಲರಿಗೂ ಕಾಣಿಸಿತು. ಉತ್ತರದ ತಂಡದ ಮುಖ್ಯಸ್ಥರು ‘ನಮ್ಮ ಗಸ್ತು ಹಡಗಿನ ಗುಂಡಿನಿಂದ’ ಅನ್ನುವಲ್ಲಿ ತಡವರಿಸಲೇ ಇಲ್ಲ. ಅವರು ನಿಂತದ್ದು ‘ಅನ್ಯಾಯವಾಗಿ’ ಅನ್ನುವ ಪದದ ಹತ್ತಿರ. ಅಲ್ಲಿಗೆ ಗೊತ್ತಾಯಿತು. ನಡೆದದ್ದನ್ನು ಒಪ್ಪಲು ಅವರಿಗೆ ಅಡ್ಡಿಯಿಲ್ಲ, ಅದಕ್ಕೆ ಬೆಲೆ ಕಟ್ಟುವ ಪದಕ್ಕೆ ಅಡ್ಡಿಯಿದೆ. ನಾವು ‘ಅನ್ಯಾಯವಾಗಿ’ ಬಿಟ್ಟೆವು. ಅವರು ‘ಯಾರಿಗಾದರೂ ಆಗಿದ್ದರೆ’ ಬಿಟ್ಟರು. ಉಳಿದದ್ದು ಇದು:

‘ಉತ್ತರದ ದೇಶದ ಗಸ್ತು ಹಡಗಿನಿಂದ ಹಾರಿಸಿದ ಗುಂಡಿಗೆ ಇಬ್ಬರು ಮೀನುಗಾರರು ಪ್ರಾಣ ಕಳೆದುಕೊಂಡದ್ದಕ್ಕೆ ಆ ದೇಶದ ಸರ್ಕಾರ ತೀವ್ರ ವಿಷಾದ ವ್ಯಕ್ತಪಡಿಸುತ್ತದೆ ಮತ್ತು ಅವರ ಕುಟುಂಬಗಳಿಗೆ ಸಂತಾಪ ಸೂಚಿಸುತ್ತದೆ.’

‘ಹಾರಿಸಿದ’ ಇದೆ, ಆದರೆ ಹಾರಿಸಿದ್ದು ತಪ್ಪೋ ಸರಿಯೋ ಅಂತ ಇಲ್ಲ. ಹಡಗು ಯಾವ ನೀರಿನಲ್ಲಿ ಇತ್ತು ಅಂತಲೂ ಇಲ್ಲ. ಮುಂದಿನ ಪ್ಯಾರಾದಲ್ಲಿ, ಸಮುದ್ರ ಗಡಿಯ ಬಗ್ಗೆ ಎರಡೂ ದೇಶಗಳ ನಿಲುವಿಗೆ ಈ ಹೇಳಿಕೆಯಿಂದ ಯಾವ ಧಕ್ಕೆಯೂ ಇಲ್ಲ ಅಂತ ಸೇರಿಸಿದೆವು. ಪರಿಹಾರದ ಹಣ ‘ಮಾನವೀಯ ನೆರವು’ ಆಯಿತು.

ಆಮೇಲೆ ಒಂದು ಕೆಲಸ ಉಳಿದಿತ್ತು, ಹೊರಗಿನವರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಪತ್ರಕರ್ತರು ‘ಇದು ಕ್ಷಮೆಯೇ?’ ಅಂತ ಕೇಳೇ ಕೇಳುತ್ತಾರೆ. ಉತ್ತರದ ವಕ್ತಾರರು ‘ಅಲ್ಲ’ ಅಂದರೆ ದಕ್ಷಿಣದಲ್ಲಿ ಬೀದಿ ಹೊತ್ತಿಕೊಳ್ಳುತ್ತದೆ. ದಕ್ಷಿಣದವರು ‘ಹೌದು, ಕೇಳಿಸಿದೆವು’ ಅಂದರೆ ಉತ್ತರದಲ್ಲಿ ಸರ್ಕಾರ ಅಲುಗಾಡುತ್ತದೆ. ಹಾಗಾಗಿ ಕೇಳಿದರೆ ಮಾತ್ರ ಕೊಡಬೇಕಾದ ಉತ್ತರವನ್ನೂ ಇಬ್ಬರೂ ಕೂತು ಬರೆದೆವು: ‘ಹೇಳಿಕೆಯಲ್ಲಿ ಇರುವುದೇ ನಮ್ಮ ಮಾತು.’ ಅಷ್ಟೇ. ಎಷ್ಟು ಸಲ ಕೇಳಿದರೂ ಅಷ್ಟೇ. ಹೇಳಿಕೆಯ ವಾಕ್ಯಕ್ಕಿಂತ ಈ ಒಪ್ಪಂದವೇ ಮೊದಲ ವಾರವನ್ನು ದಾಟಿಸಿದ್ದು ಅಂತ ನನ್ನ ಅಭಿಪ್ರಾಯ. ಹೈನಾನ್ ಪತ್ರದ ನಂತರ ಎರಡೂ ಕಡೆ ತಮಗೆ ಬೇಕಾದ ಅರ್ಥ ಹೇಳಿಕೊಂಡರು, ಸಮುದ್ರದ ಆಚೆ ಈಚೆ ಇದ್ದದ್ದರಿಂದ ನಡೆಯಿತು. ಒಂದೇ ಟೀವಿ ಸುದ್ದಿ ನೋಡುವ ನೆರೆಯವರಿಗೆ ಆ ಸೌಕರ್ಯ ಇಲ್ಲ.

ಮೀನುಗಾರರು ಬಿಡುಗಡೆಯಾದರು. ಮೊಕದ್ದಮೆ ‘ಹಿಂದಕ್ಕೆ’ ತೆಗೆದುಕೊಳ್ಳಲಿಲ್ಲ, ‘ಮುಂದುವರಿಸದಿರಲು’ ತೀರ್ಮಾನವಾಯಿತು.

ಕೈಕೊಟ್ಟ ಜಾಗ

ಹೇಳಿಕೆಯಲ್ಲಿ ಇನ್ನೊಂದು ಪ್ಯಾರಾ ಇತ್ತು. ‘ಮೀನುಗಾರಿಕೆಯ ಸಾಂಪ್ರದಾಯಿಕ ಪ್ರದೇಶಗಳಲ್ಲಿ ಎರಡೂ ಕಡೆ ಸಂಯಮ ತೋರಬೇಕು.’ ಸುಸ್ತಾಗಿದ್ದ ಎರಡು ತಂಡಗಳು ಕೊನೆಯ ರಾತ್ರಿ ಬೇಗ ಒಪ್ಪಿಕೊಂಡ ವಾಕ್ಯ. ಕೇಳೋಕೆ ಚೆನ್ನಾಗಿದೆ ಅಲ್ವಾ? ಯಾವ ಪ್ರದೇಶ, ಸಂಯಮ ಅಂದರೆ ಏನು, ಯಾರೂ ಕೇಳಲಿಲ್ಲ.

ಮುಂದಿನ ಮೀನಿನ ಹಂಗಾಮು ಶುರುವಾದಾಗ ನಮ್ಮ ಬಂದರಿನಲ್ಲಿ ದೋಣಿಯವರಿಗೆ ಅಧಿಕಾರಿಗಳು ಹೇಳಿದ್ದು: ‘ಸಾಂಪ್ರದಾಯಿಕ ಪ್ರದೇಶಕ್ಕೆ ಹೋಗಬಹುದು, ಅವರು ಸಂಯಮದಿಂದ ಇರುತ್ತಾರೆ.’ ಅದೇ ವಾಕ್ಯವನ್ನು ಓದಿದ ಉತ್ತರದ ಗಸ್ತು ಪಡೆಗೆ ಹೋದ ಆದೇಶ: ‘ದಕ್ಷಿಣದ ದೋಣಿಗಳು ಸಂಯಮದಿಂದ ದೂರ ಇರುತ್ತವೆ, ಬಂದರೆ ಅದು ಉಲ್ಲಂಘನೆ.’ ಎರಡೂ ಸರಿಯಾದ ಓದೇ. ಒಂದು ದೋಣಿ ಸಿಕ್ಕಿಬಿತ್ತು. ಈ ಸಲ ಯಾರೂ ಸಾಯಲಿಲ್ಲ, ಆದರೆ ಅದು ಅದೃಷ್ಟ, ಹೇಳಿಕೆಯ ಬಲವಲ್ಲ.

ಇದರ ಬಗ್ಗೆ ನನಗೆ ಈಗಲೂ ಸಂಕಟವಿದೆ. ವಿಷಾದದ ವಾಕ್ಯದಲ್ಲಿ ನಾವು ಅಸ್ಪಷ್ಟತೆ ಬಳಸಿದ್ದು ಸರಿ. ಯಾಕೆಂದರೆ ಆ ವಾಕ್ಯವನ್ನು ಓದಿ ಯಾರೂ ಬಂದೂಕು ಎತ್ತಬೇಕಿರಲಿಲ್ಲ. ಅದನ್ನು ಜನ ಕೇಳುತ್ತಾರೆ, ತಮಗೆ ಬೇಕಾದಷ್ಟು ತೆಗೆದುಕೊಳ್ಳುತ್ತಾರೆ, ಮುಗಿಯಿತು. ಆದರೆ ಸಂಯಮದ ವಾಕ್ಯವನ್ನು ಓದಿ ನಾಳೆ ಬೆಳಗ್ಗೆ ಕತ್ತಲಲ್ಲಿ ಒಬ್ಬ ಕ್ಯಾಪ್ಟನ್ ನಿರ್ಧಾರ ಮಾಡಬೇಕು. ಅವನಿಗೆ ಎರಡರ್ಥದ ಮಾತು ಕೊಡಬಾರದು.

1972ನ್ನೇ ನೋಡಿ. ಆ ವರ್ಷದ ಫೆಬ್ರವರಿಯಲ್ಲಿ ಅಮೆರಿಕ ಮತ್ತು ಚೀನಾ ಶಾಂಘೈನಲ್ಲಿ ಜಂಟಿ ಪ್ರಕಟಣೆ ಹೊರಡಿಸಿದವು. ಅದರಲ್ಲಿ ಒಪ್ಪಿಗೆ ಇಲ್ಲದ ಕಡೆ ‘ಅಮೆರಿಕದ ಕಡೆ ಹೀಗೆ ಹೇಳಿತು’, ‘ಚೀನಾದ ಕಡೆ ಹೀಗೆ ಹೇಳಿತು’ ಅಂತ ಪಕ್ಕಪಕ್ಕ ಬರೆದರು. ತೈವಾನ್ ಬಗ್ಗೆ ಅಮೆರಿಕ, ಜಲಸಂಧಿಯ ಎರಡೂ ಕಡೆಯ ಚೀನಿಯರು ಒಂದೇ ಚೀನಾ ಅನ್ನುತ್ತಾರೆ ಎಂಬುದನ್ನು ಗಮನಿಸಿದೆ, ಅದನ್ನು ಪ್ರಶ್ನಿಸುವುದಿಲ್ಲ ಅಂತಷ್ಟೇ ಹೇಳಿತು. ಬೇಕಂತಲೇ ಬಿಟ್ಟ ಖಾಲಿ ಜಾಗ ಅದು. ಅದೇ ವರ್ಷ ಮೇ ತಿಂಗಳಲ್ಲಿ ಅದೇ ಅಮೆರಿಕ ಸರ್ಕಾರ ಸೋವಿಯತ್ ಒಕ್ಕೂಟದ ಜೊತೆ ಕಡಲಲ್ಲಿ ಆಗುವ ಘಟನೆಗಳನ್ನು ತಡೆಯುವ ಒಪ್ಪಂದ ಮಾಡಿಕೊಂಡಿತು. ಅದರಲ್ಲಿ ಖಾಲಿ ಜಾಗವೇ ಇಲ್ಲ. ಹಾದುಹೋಗುವ ಹಡಗಿನ ಕಡೆ ಬಂದೂಕು, ಕ್ಷಿಪಣಿ ಲಾಂಚರ್ ಗುರಿಯಿಟ್ಟು ದಾಳಿಯ ನಟನೆ ಮಾಡಬಾರದು ಅಂತ ನೇರವಾಗಿ ಬರೆದಿದೆ. ಒಂದೇ ವರ್ಷ, ಒಂದೇ ಸರ್ಕಾರ, ಎರಡು ಬಗೆಯ ಭಾಷೆ. ಹಕ್ಕಿನ ಮಾತಿಗೆ ಒಂದು, ಹಡಗಿನ ಮಾತಿಗೆ ಇನ್ನೊಂದು.

ಎರಡನೇ ದೋಣಿ ಸಿಕ್ಕಿಬಿದ್ದ ಮೇಲೆ ಮತ್ತೆ ಕೂತಾಗ ನಾವು ಹೇಳಿಕೆಯನ್ನು ಮುಟ್ಟಲಿಲ್ಲ. ಮುಟ್ಟಿದ್ದರೆ ವಿಷಾದದ ವಾಕ್ಯವೂ ಮತ್ತೆ ಬಿಚ್ಚಿಕೊಳ್ಳುತ್ತಿತ್ತು. ಬದಲಿಗೆ ಒಂದು ಅನುಬಂಧ ಬರೆದೆವು, ಮತ್ತು ಅದನ್ನು ಬರೆಯಲು ವಿದೇಶಾಂಗದವರ ಪಕ್ಕದಲ್ಲಿ ಎರಡೂ ಕಡೆಯ ಗಸ್ತು ಪಡೆಯ ಅಧಿಕಾರಿಗಳನ್ನು ಕೂರಿಸಿದೆವು. ಅದರಲ್ಲಿ ‘ಸಂಯಮ’ ಅನ್ನುವ ಪದ ಇಲ್ಲ. ಮೊದಲು ರೇಡಿಯೋದ 16ನೇ ಚಾನೆಲ್‌ನಲ್ಲಿ ಕರೆಯಬೇಕು. ಆಮೇಲೆ ದೀಪ, ಆಮೇಲೆ ಸೈರನ್. ಆಯುಧವನ್ನು ಜನರಿರುವ ದೋಣಿಯ ಕಡೆ ತಿರುಗಿಸಬಾರದು. ದೋಣಿಯನ್ನು ಹಿಡಿದರೆ ಇಷ್ಟು ಗಂಟೆಯೊಳಗೆ ಆ ದೇಶಕ್ಕೆ ತಿಳಿಸಬೇಕು, ಯಾವ ಫೋನಿಗೆ ಅಂತಲೂ ಇದೆ. ಪ್ರದೇಶವನ್ನು ಅಕ್ಷಾಂಶ ರೇಖಾಂಶಗಳಲ್ಲಿ ಬರೆದು, ‘ಇದು ಗಡಿಯಲ್ಲ, ಈ ಅನುಬಂಧಕ್ಕೆ ಮಾತ್ರ’ ಅಂತ ಸೇರಿಸಿದೆವು. ಅಂದರೆ ಹಕ್ಕಿನ ಪ್ರಶ್ನೆಗೆ ಮತ್ತೆ ಮುಚ್ಚಿದ ಭಾಷೆ, ಕೆಲಸದ ಪ್ರಶ್ನೆಗೆ ಬಿಚ್ಚಿದ ಭಾಷೆ.

ಹೊಸದಾಗಿ ಕರಡು ಬರೆಯಲು ಬರುವ ಹುಡುಗ ಹುಡುಗಿಯರಿಗೆ ನಾನು ಈ ಎರಡೂ ಕಾಗದಗಳನ್ನು ಹೆಸರು ತೆಗೆದು ಕೊಡುತ್ತೇನೆ. ಪ್ರತಿ ವಾಕ್ಯದ ಪಕ್ಕ ಒಂದೇ ಪ್ರಶ್ನೆ ಬರೆಯಲು ಹೇಳುತ್ತೇನೆ: ‘ಇದನ್ನು ಓದಿ ಯಾರಾದರೂ ನಾಳೆ ಏನಾದರೂ ಮಾಡಬೇಕಾ?’ ‘ಹೌದು’ ಅಂತ ಬಂದ ವಾಕ್ಯಗಳನ್ನು ಮತ್ತೆ ಬರೆಸುತ್ತೇನೆ. ‘ಇಲ್ಲ’ ಅಂತ ಬಂದವುಗಳಲ್ಲಿ ಎಷ್ಟು ಬೇಕಾದರೂ ಜಾಗ ಬಿಡಿ ಅನ್ನುತ್ತೇನೆ.

ಒಂದು ವಿಷಯ ಮಾತ್ರ ಬಗೆಹರಿಯಲಿಲ್ಲ. ಸತ್ತ ಇಬ್ಬರ ಹೆಸರುಗಳು ಹೇಳಿಕೆಯಲ್ಲಿ ಇರಬೇಕು ಅಂತ ಅವರ ಮನೆಯವರು ಕೇಳಿದ್ದರು. ಹೆಸರು ಹಾಕಿದರೆ ಮುಂದಿನ ಪ್ರತಿ ಪ್ರಕರಣದಲ್ಲೂ ಹಾಕಬೇಕಾಗುತ್ತದೆ ಅಂತ ಎರಡೂ ಸರ್ಕಾರಗಳು, ನಮ್ಮದೂ ಸೇರಿ, ಬೇಡ ಅಂದವು. ನನಗೆ ಆ ಕಾರಣ ಆಗಲೂ ಸಾಲಲಿಲ್ಲ, ಈಗಲೂ ಸಾಲುವುದಿಲ್ಲ. ಮುಂದಿನ ಪ್ರತಿ ಪ್ರಕರಣದಲ್ಲೂ ಹಾಕಲಿ. ಅನುಬಂಧದ ಪ್ರಕಾರ ಎರಡೂ ಕಡೆಯವರು ವರ್ಷಕ್ಕೊಮ್ಮೆ ಕೂರುತ್ತಾರೆ, ಆ ಬೇಡಿಕೆಯನ್ನು ನಮ್ಮ ಕಡೆಯ ಕಾರ್ಯಸೂಚಿಯಲ್ಲಿ ಸೇರಿಸಲು ನಾನು ಬರೆದು ಕೊಟ್ಟಿದ್ದೇನೆ. ಸದ್ಯಕ್ಕೆ ಅದಕ್ಕೆ ಚದರ ಬ್ರಾಕೆಟ್ ಇದೆ.